ಗಂಡನ ದೇಶ ಫಿನ್ಲೆಂಡ್‌ಗೆ ಮೊದಲ ಸಲ, ಅವರ ಗೆಳೆಯರ ಜೊತೆ ಯುಹಾನ್ನುಸ್ ಹಬ್ಬ: ಹೋಗಿ ಬಂದವರು ಸ್ವಲ್ಪ ಹೇಳಿ

ಉತ್ತರದ ಸೊಸೆ

ಎಲ್ಲರಿಗೂ ನಮಸ್ಕಾರ. ನನ್ನ ಗಂಡ ಫಿನ್ಲೆಂಡಿನವರು. ಅತ್ತೆ ಮಾವ ಮದುವೆಗೆ ಬಂದಿದ್ದರು, ಫೋನಿನಲ್ಲೂ ಮಾತಾಡ್ತಿರ್ತೀವಿ. ಹಾಗಾಗಿ ಅವರ ಬಗ್ಗೆ ನನಗೆ ಭಯವಿಲ್ಲ. ಭಯ ಇರೋದು ಗಂಡನ ಗೆಳೆಯರ ಬಗ್ಗೆ. ಶಾಲೆಯಿಂದ ಒಟ್ಟಿಗೆ ಬೆಳೆದ ಗುಂಪು ಅದು. ಈ ಜೂನ್‌ನಲ್ಲಿ ಯುಹಾನ್ನುಸ್ ಅನ್ನೋ ಬೇಸಿಗೆ ಹಬ್ಬಕ್ಕೆ ಸೈಮಾ ಸರೋವರದ ದಡದಲ್ಲಿ ಅವರಲ್ಲೊಬ್ಬರ ಬೇಸಿಗೆ ಮನೆಯಲ್ಲಿ ಎಲ್ಲರೂ ಸೇರ್ತಾರಂತೆ. ಶುಕ್ರವಾರ ಹೋದರೆ ಭಾನುವಾರವೇ ವಾಪಸ್.

ನನಗೆ ಫಿನ್ನಿಶ್ ಬರಲ್ಲ. ಮಾಂಸ ತಿನ್ನಲ್ಲ, ಕುಡಿಯಲ್ಲ. ಸೌನಾ ಅಂದರೆ ಬಿಸಿ ಹಬೆಯ ಕೋಣೆಯಲ್ಲಿ ಬಟ್ಟೆ ಇಲ್ಲದೆ ಕೂರೋದು ಅಂತ ಕೇಳಿದ್ದೇನೆ, ಅದನ್ನು ನೆನೆಸಿಕೊಂಡರೇ ಬೆವರು. ಇದೆಲ್ಲದರ ಮೇಲೆ ಗಂಡನ ಹಳೆಯ ಗೆಳತಿಯೂ ಅದೇ ಗುಂಪಿನವಳು, ಅವಳೂ ಬರ್ತಾಳೆ.

"ನಾನೇನು ತಯಾರಿ ಮಾಡಿಕೊಳ್ಳಲಿ" ಅಂತ ಗಂಡನನ್ನು ಕೇಳಿದರೆ "ಏನೂ ಬೇಡ, ಸುಮ್ಮನೆ ಇದ್ದರೆ ಸಾಕು" ಅಂತಾರೆ. ಆ ಸುಮ್ಮನೆ ಇರೋದು ಹೇಗೆ ಅನ್ನೋದೇ ನನಗೆ ಗೊತ್ತಾಗ್ತಿಲ್ಲ.

ಹೆಲ್ಸಿಂಕಿ ಹಳಬಳು

ಮೊದಲು ಧೈರ್ಯದ ಮಾತು. ಅವರು ನಿಮ್ಮನ್ನು ಬೇಸಿಗೆ ಮನೆಗೆ ಕರೆದಿದ್ದಾರೆ ಅಂದರೆ ಒಳಗೆ ಬಿಟ್ಟುಕೊಂಡಾಗಿದೆ ಅಂತಲೇ ಅರ್ಥ. ಪಟ್ಟಣದಲ್ಲಿ ಕಾಫಿಗೆ ಯಾರನ್ನಾದರೂ ಕರೀತಾರೆ. ಕೆರೆ ದಡದ ಮನೆಗೆ, ಅದೂ ಯುಹಾನ್ನುಸ್‌ಗೆ, ಬೇಕಾದವರನ್ನು ಮಾತ್ರ ಕರೆಯೋದು.

ಇದು ಅವರ ವರ್ಷದ ದೊಡ್ಡ ಬೇಸಿಗೆ ಹಬ್ಬ. ಹಿಂದೆ ಜೂನ್ 24ಕ್ಕೇ ಮಾಡ್ತಿದ್ದರು. 1955ರಿಂದ ಜೂನ್ 20 ಮತ್ತು 26ರ ನಡುವೆ ಬರುವ ಶನಿವಾರಕ್ಕೆ ಬದಲಾಯಿತು. ನಿಜವಾದ ಸಡಗರ ಹಿಂದಿನ ದಿನ ಶುಕ್ರವಾರದ ಸಂಜೆ. ಅವತ್ತು ಹೆಲ್ಸಿಂಕಿಯ ರಸ್ತೆಗಳು ಖಾಲಿ ಹೊಡೀತವೆ, ಜನರೆಲ್ಲ ಕಾಡಿನಲ್ಲಿ, ಕೆರೆ ದಡದಲ್ಲಿ. ಶುಕ್ರವಾರ ಸಂಜೆ ಆರಕ್ಕೆ ಏರಿಸಿದ ಬಾವುಟ ರಾತ್ರಿಯಿಡೀ ಹಾರಿ ಶನಿವಾರ ರಾತ್ರಿ ಒಂಬತ್ತಕ್ಕೆ ಇಳಿಯುತ್ತದೆ. ರಾತ್ರಿ ಅಂತ ಹೆಸರಿಗಷ್ಟೆ. ಹೆಲ್ಸಿಂಕಿಯಲ್ಲೇ ಆಗ ಹಗಲು ಸುಮಾರು 19 ಗಂಟೆ. ನಿದ್ದೆಗೆ ಕಣ್ಣುಪಟ್ಟಿ ಇಟ್ಟುಕೊಳ್ಳಿ, ಸೊಳ್ಳೆಗೆ ಉದ್ದ ತೋಳಿನ ಬಟ್ಟೆ ಇಟ್ಟುಕೊಳ್ಳಿ.

ದಡದಲ್ಲಿ ಕೊಕ್ಕೊ ಅಂತ ದೊಡ್ಡ ಬೆಂಕಿ ಹಾಕ್ತಾರೆ. ಕಾಡ್ಗಿಚ್ಚಿನ ಎಚ್ಚರಿಕೆ ಜಾರಿಯಲ್ಲಿದ್ದರೆ ಹಾಕುವಂತಿಲ್ಲ. ಆಗ ಎಲ್ಲರೂ ಹವಾಮಾನ ಇಲಾಖೆಯನ್ನು ಬೈದುಕೊಂಡು ಕೂರ್ತಾರೆ, ಅದೂ ಒಂದು ಸಂಪ್ರದಾಯವೇ!

ಇನ್ನು ಆ ಮನೆಯ ಬಗ್ಗೆ. ಮ್ಯೋಕ್ಕಿ ಅಂತಾರೆ. ದೇಶದಲ್ಲಿ ಸುಮಾರು 5 ಲಕ್ಷ ಇವೆ. ಕೆಲವು ಈಗ ಪಟ್ಟಣದ ಮನೆಯ ಹಾಗೇ ಇರ್ತವೆ. ಆದರೆ ಹಳೇ ಕಾಲದ್ದಾದರೆ ನಲ್ಲಿ ಇರಲ್ಲ, ಕೆರೆಯಿಂದ ನೀರು ಹೊತ್ತು ತರಬೇಕು, ಕಕ್ಕಸು ಅಂಗಳದಾಚೆ ಒಂದು ಮರದ ಗುಡಿಸಲು. ಅದಕ್ಕೆ ಹೂಸ್ಸಿ ಅಂತಾರೆ. ಕೆಲಸ ಮುಗಿದ ಮೇಲೆ ನೀರಿನ ಬದಲು ಒಂದು ಸೌಟು ಮರದ ಹೊಟ್ಟೋ ಪೀಟ್ ಅನ್ನೋ ಜೌಗು ಮಣ್ಣಿನ ಪುಡಿಯೋ ಸುರಿಯೋದು. ಯಾವ ತರಹದ್ದು ಅಂತ ಗಂಡನನ್ನು ಇವತ್ತೇ ಕೇಳಿ. ಅವರು "ಮಾಮೂಲಿ ಮನೆ" ಅಂತಾರೆ, ನಂಬಬೇಡಿ. ಅವರಿಗೆ ಎರಡೂ ಮಾಮೂಲಿಯೇ.

ಸುಮ್ಮನೆ ಇರೋದು ಹೇಗೆ ಅಂದಿರಲ್ಲ, ಒಂದು ಉಪಾಯ ಹೇಳ್ತೀನಿ. ಕೆಲಸ ಹಿಡಿಯಿರಿ. ಅಲ್ಲಿ ಅತಿಥಿ ಅಂತ ಕುರ್ಚಿ ಹಾಕಿ ಕೂರಿಸಲ್ಲ. ಸೌದೆ ಜೋಡಿಸಬೇಕು, ಆಲೂಗಡ್ಡೆ ಉಜ್ಜಬೇಕು, ಸೌನಾಕ್ಕೆ ನೀರು ತುಂಬಬೇಕು. ಒಂದು ಬಕೆಟ್ ಎತ್ತಿಕೊಂಡು ಯಾರ ಜೊತೆಗಾದರೂ ಹೊರಡಿ. ಎದುರುಬದುರು ಕೂತು ಬಾಯಿ ಬಿಡದ ಮನುಷ್ಯ ಪಕ್ಕದಲ್ಲಿ ಸೌದೆ ಒಡೆಯುವಾಗ ತನ್ನ ಪೂರ್ತಿ ಕಥೆ ಹೇಳಿಬಿಡ್ತಾನೆ.

ಮನಿಯಾಂವ

ತಂಗಿ, ಸೌನಾದ ಬಗ್ಗೆ ನಾ ಹೇಳ್ತೀನಿ ಕೇಳು. ನಮ್ಮ ಮನಿಯಾಕಿ ಕುಓಪಿಯೊ ಕಡಿಯಾಕಿ. ಮೊದಲ ಸಲ ಹೋದಾಗ ಆಕಿ ಗೆಳ್ಯಾರು ಸಂಜಿಕೆ "ಬಾ, ಸೌನಾ ಕಾದೈತಿ" ಅಂದ್ರು. ಟವೆಲ್ ಸುತಗೊಂಡು ಹೋದೆ. ಒಳಗ ನೋಡಿದ್ರ ಯಾರ ಮೈಮ್ಯಾಲೂ ನೂಲಿಲ್ಲ. ನನ್ನ ಎದಿ ಧಸಕ್ ಅಂತು. ಆದ್ರ ಖರೇ ಹೇಳ್ತೀನಿ, ಯಾರೂ ತಿರುಗಿ ನೋಡಲಿಲ್ಲ. ಟವೆಲ್ ಬಿಚ್ಚಿದ್ರೂ ಅಷ್ಟ, ಬಿಚ್ಚಲಿಲ್ಲಂದ್ರೂ ಅಷ್ಟ. ಅಲ್ಲಿ ಅದು ನಾಚಿಕಿ ಜಾಗಾ ಅಲ್ಲವ್ವಾ, ಗುಡಿ ಇದ್ದಂಗ. ದನಿ ಎತ್ತಿ ಮಾತಾಡಂಗಿಲ್ಲ, ಜಗಳಾ ತಗಿಯಂಗಿಲ್ಲ.

ಬಿಸಿ 80 ಡಿಗ್ರಿ ಮ್ಯಾಲೆ ಇರ್ತದ. ಮ್ಯಾಲಿನ ಮೆಟ್ಟಲಾ ಭಾಳ ಬಿಸಿ, ಕೆಳಗಿನದು ತಡಕೊಳ್ಳೂ ಹಂಗ. ನೀ ಕೆಳಗ ಕೂಡು. ಕುಂಡಿ ಕೆಳಗ ಒಂದು ಸಣ್ಣ ಟವೆಲ್ ಹಾಸ್ಕೊಳ್ಳೂದು ಮಾತ್ರ ಮರೀಬ್ಯಾಡ, ಅದು ಕಡ್ಡಾಯ. ಕಲ್ಲಿನ ಮ್ಯಾಲೆ ನೀರು ಹಾಕಿದ್ರ ಬುಸ್ ಅಂತ ಹಬಿ ಬರ್ತದ, ಅದಕ್ಕ ಲೋಯ್ಲು ಅಂತಾರ. ಹಾಕೂಕಿಂತ ಮೊದಲ ಉಳದವ್ರನ್ನ ಒಂದು ಮಾತು ಕೇಳಬೇಕು. ತಡಿಯಾಕ ಆಗಲಿಲ್ಲಂದ್ರ ಎದ್ದು ಹೊರಗ ಬಂದುಬಿಡು. ಗಂಡಸ್ತನಾ ತೋರಸಾಕ ಹೋಗಿ ಕೂತಾವ್ರದು ಏನಾತು ಅಂತ ಗೊತ್ತೈತಿ. ಹೈನೊಲಾ ಅನ್ನೂ ಊರಾಗ 1999ರಿಂದ ಸೌನಾದ ವಿಶ್ವ ಸ್ಪರ್ಧಾ ನಡೀತಿತ್ತು. 2010ರ ಫೈನಲ್‌ನಾಗ ಒಬ್ಬಾಂವ ಸತ್ತ. ಅಲ್ಲಿಗೆ ಬಂದ್ ಮಾಡಿದ್ರು.

ಉತ್ತರದ ಸೊಸೆ

ಅಣ್ಣಾ, ನಕ್ಕು ಸಾಕಾಯ್ತು. ಆದರೆ ಗಂಡಸರು ಹೆಂಗಸರು ಒಟ್ಟಿಗೇ ಹೋಗ್ತಾರಾ? ಅದಕ್ಕೆ ಮಾತ್ರ ನಾನು ಸಿದ್ಧವಿಲ್ಲ.

ಹೆಲ್ಸಿಂಕಿ ಹಳಬಳು

ಸಾಮಾನ್ಯವಾಗಿ ಪಾಳಿ. ಹೆಂಗಸರು ಒಂದು ಪಾಳಿ, ಗಂಡಸರು ಒಂದು ಪಾಳಿ. ಕುಟುಂಬದವರಾದರೆ ಒಟ್ಟಿಗೆ. ಕೆಲವು ಗೆಳೆಯರ ಗುಂಪುಗಳಲ್ಲಿ ಎಲ್ಲರೂ ಒಟ್ಟಿಗೆ ಹೋಗೋದುಂಟು, ಆಗ ಈಜುಡುಗೆಯೋ ಟವೆಲೋ ಇರುತ್ತೆ. "ನಾನು ಈಜುಡುಗೆಯಲ್ಲೇ ಬರ್ತೀನಿ" ಅಂದರೆ ಮನೆಗಳಲ್ಲಿ ಯಾರೂ ಏನೂ ಅನ್ನಲ್ಲ. ಈ ಸಲ ಬರಲ್ಲ ಅಂದರೂ ನಡೆಯುತ್ತೆ. ಆದರೆ ನನ್ನ ಅಭಿಪ್ರಾಯ, ಹೆಂಗಸರ ಪಾಳಿಗೆ ಹೋಗಿ. 55 ಲಕ್ಷ ಜನರಿಗೆ ಸುಮಾರು 30 ಲಕ್ಷ ಸೌನಾ ಇರುವ ದೇಶ ಅದು. 2020ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿಗೂ ಸೇರಿದೆ. ಊಟದ ಮೇಜಿನಲ್ಲಿ ಸಿಗದ ಸಲಿಗೆ ಅಲ್ಲಿ ಸಿಗುತ್ತೆ. ನನ್ನ ಗಂಡನ ಗೆಳೆಯನ ಹೆಂಡತಿ ನನಗೆ ಮೊದಲು ಮನಸ್ಸು ಬಿಚ್ಚಿ ಮಾತಾಡಿದ್ದು ಸೌನಾದ ಹೊರಗಿನ ಮೆಟ್ಟಿಲ ಮೇಲೆ ತಣ್ಣಗಾಗುತ್ತಾ ಕೂತಾಗ.

ಕಿಟಕಿ ಪಕ್ಕದವಳು

ಸೌನಾ, ಸೊಳ್ಳೆ ಎಲ್ಲಾ ಸರಿ. ನನಗೆ ಅಲ್ಲಿ ಕಷ್ಟವಾಗಿದ್ದು ಬೇರೆಯೇ ಒಂದು ವಿಷಯ, ಅದನ್ನು ಯಾರೂ ಮುಂಚೆ ಹೇಳಿರಲಿಲ್ಲ. ನಿಮಗೆ ಹೇಳಿಬಿಡ್ತೀನಿ.

ನಿಮ್ಮ ಗಂಡ ನಿಮ್ಮ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡ್ತಾರೆ ಅಂದುಕೊಳ್ತೀನಿ. ಅಲ್ಲಿ ಗೆಳೆಯರ ನಡುವೆ ಕೂತಾಗ ಅವರು ಬೇರೆ ಮನುಷ್ಯ. ದನಿ ಬೇರೆ, ನಗು ಬೇರೆ, ಕೈ ಬೀಸುವ ರೀತಿ ಬೇರೆ. ನನ್ನ ಗಂಡ ಮನೆಯಲ್ಲಿ ಗಂಭೀರ, ಅಳೆದು ತೂಗಿ ಮಾತು. ಅಲ್ಲಿ ನೋಡಿದರೆ ಇಡೀ ಗುಂಪನ್ನು ನಗಿಸುವ ತಲೆಹರಟೆ! ಅವರೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತಿದ್ದಾರೆ, ನನಗೆ ಒಂದಕ್ಷರ ತಿಳಿಯಲ್ಲ. ಇಷ್ಟು ವರ್ಷ ಜೊತೆಗಿದ್ದು ಈ ಮನುಷ್ಯನನ್ನು ನಾನು ನೋಡೇ ಇಲ್ಲವಲ್ಲ ಅನ್ನಿಸಿ ಒಳಗೊಳಗೇ ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚು ಯಾವ ಹೆಂಗಸಿನ ಮೇಲೂ ಅಲ್ಲ, ಆ ಭಾಷೆಯ ಮೇಲೆ.

ಆಮೇಲೆ ಯೋಚಿಸಿದಾಗ ಅನ್ನಿಸಿದ್ದು, ಅಲ್ಲಿಗೆ ಹೋಗೋದರ ಲಾಭವೇ ಅದು. ಅತ್ತೆ ಮನೆಯಲ್ಲಿ ನೀವು ನೋಡೋದು ಯಾರದೋ ಮಗನನ್ನು. ಗೆಳೆಯರ ಮಧ್ಯೆ ನೋಡೋದು ನೀವು ಸಿಗುವ ಮೊದಲು ಅವನು ಯಾರಾಗಿದ್ದ ಅನ್ನೋದನ್ನ. ಆದ್ದರಿಂದ ಅವರೆಲ್ಲ ನನ್ನನ್ನು ಹೇಗೆ ನೋಡ್ತಿದ್ದಾರೆ ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ನೀವು ಅವನನ್ನು ನೋಡಿ.

ಮೂರನೇ ಕುರ್ಚಿ

ಎಲ್ಲರೂ ಬಹಳ ಚಂದಕ್ಕೆ ಬರೀತಿದ್ದೀರಿ. ನಾನು ಸ್ವಲ್ಪ ಕಹಿ ಹೇಳ್ತೀನಿ, ಕ್ಷಮಿಸಿ.

ನನಗೆ ಅಲ್ಲಿ ಬೇಸರವಾಗಿತ್ತು. ಬೇಸರ ಅಂದರೆ ತಲೆ ಚಿಟ್ಟು ಹಿಡಿಯುವಷ್ಟು. ಮೊದಲ ಅರ್ಧ ಗಂಟೆ ಎಲ್ಲರೂ ಇಂಗ್ಲಿಷ್. ಅಲ್ಲಿನ ನಮ್ಮ ವಯಸ್ಸಿನವರಿಗೆ ಇಂಗ್ಲಿಷ್ ಚೆನ್ನಾಗೇ ಬರುತ್ತೆ. ಎರಡನೇ ಬಿಯರ್ ಮುಗಿಯುವಷ್ಟರಲ್ಲಿ ಮೇಜು ಪೂರ್ತಿ ಫಿನ್ನಿಶ್‌ಗೆ ಜಾರಿತು, ಮತ್ತೆ ವಾಪಸ್ ಬರಲಿಲ್ಲ. ಗಂಡ ನಡುನಡುವೆ ತಿರುಗಿ "ಶಾಲೆಯ ಹಳೇ ಮೇಷ್ಟ್ರ ಬಗ್ಗೆ ಮಾತಾಡ್ತಿದ್ದೀವಿ" ಅಂತ ಒಂದು ಸಾಲು ಎಸೀತಿದ್ದ. ಹತ್ತು ನಿಮಿಷದ ನಗುವಿಗೆ ಒಂದು ಸಾಲು. ಹೊರಗೆ ಹೋಗೋಣ ಅಂದರೆ ಸುತ್ತ ಕಾಡು, ಕಾರು ಓಡಿಸುವವರೆಲ್ಲ ಕುಡಿದಿದ್ದಾರೆ.

ಸುಮ್ಮನಿರೋದು ಅವರ ಸಂಸ್ಕೃತಿ ಅಂತ ನನಗೆ ಎಲ್ಲರೂ ಪಾಠ ಮಾಡಿದರು. ಆದರೆ ಗಂಡ ತನ್ನ ಹೆಂಡತಿಯನ್ನು ಮೂಲೆಯಲ್ಲಿ ಬಿಡೋದು ಯಾವ ಸಂಸ್ಕೃತಿಯೂ ಅಲ್ಲ, ಅದು ಬೇಜವಾಬ್ದಾರಿ. ಎರಡನ್ನೂ ಬೆರೆಸಬೇಡಿ. ಹೋಗುವ ಮುಂಚೆ ಅವರ ಜೊತೆ ಕರಾರು ಮಾಡ್ಕೊಳ್ಳಿ. ಪ್ರತಿಯೊಂದು ಮಾತನ್ನೂ ಅನುವಾದ ಮಾಡಬೇಕಿಲ್ಲ, ಆದರೆ ನಾನು ಕಣ್ಣು ಸನ್ನೆ ಮಾಡಿದರೆ ಎದ್ದು ನನ್ನ ಜೊತೆ ಒಂದು ಸುತ್ತು ನಡೆದು ಬರಬೇಕು. ಮಲಗಲು ನಮಗೆ ಬೇರೆ ಕೋಣೆ ಇದೆಯೋ, ಎಲ್ಲರೂ ಒಂದೇ ಅಟ್ಟದ ಮೇಲೋ, ಅದನ್ನೂ ಕೇಳಿಕೊಳ್ಳಿ. ನನಗೆ ಅದು ತಿಳಿದಿದ್ದು ಅಲ್ಲಿಗೆ ಹೋದ ಮೇಲೆ.

ಕಿಟಕಿ ಪಕ್ಕದವಳು

ಒಪ್ಪಿದೆ. ನಾನು ಬರೆದದ್ದು ಗಂಡ ಸ್ವಲ್ಪವಾದರೂ ಗಮನ ಕೊಡುವವನಾದರೆ ಅನ್ವಯ.

ಬರ್ಚ್ ಮರ

ಭಾಷೆ ಬಗ್ಗೆ ಒಂದು ಮಾತು. ಜೂನ್ ಒಳಗೆ ಫಿನ್ನಿಶ್ ಕಲಿಯಲು ಹೊರಡಬೇಡಿ. 15 ವಿಭಕ್ತಿಗಳಿವೆ. ಪದದ ಬಾಲಕ್ಕೆ ಪ್ರತ್ಯಯ ಸೇರಿಸೋದು ನಮಗೇನೂ ಹೊಸದಲ್ಲ, ಆದರೂ ಒಂದೆರಡು ತಿಂಗಳಲ್ಲಿ ಆಗುವ ಮಾತಲ್ಲ. ಮೊಯ್ (ನಮಸ್ಕಾರ), ಕೀತೋಸ್ (ಧನ್ಯವಾದ), ಹ್ಯುವಾ (ಚೆನ್ನಾಗಿದೆ) ಅಷ್ಟು ಸಾಕು. ಅದಕ್ಕಿಂತ ಮೋಲ್ಕು ಆಡೋದು ಕಲೀರಿ, ಹೆಚ್ಚು ಉಪಯೋಗ. 12 ಮರದ ಗೂಟ, ಒಂದೊಂದಕ್ಕೂ ಒಂದು ಅಂಕಿ. ಒಂದು ಕೋಲು ಎಸೆದು ಬೀಳಿಸೋದು. ಒಂದೇ ಗೂಟ ಬಿದ್ದರೆ ಅದರ ಮೇಲಿನ ಅಂಕಿ ನಿಮಗೆ, ಹಲವು ಬಿದ್ದರೆ ಎಷ್ಟು ಬಿದ್ದವೋ ಅಷ್ಟು. ಸರಿಯಾಗಿ 50 ಮುಟ್ಟಬೇಕು, ದಾಟಿದರೆ 25ಕ್ಕೆ ಇಳಿಸ್ತಾರೆ. ಸತತ ಮೂರು ಸಲ ಗುರಿ ತಪ್ಪಿದರೆ ಆಟದಿಂದ ಔಟ್. ಭಾಷೆ ಬೇಡ, ಬಲ ಬೇಡ, ಕುಡಿಯದವರಿಗೆ ಗುರಿ ಇನ್ನೂ ಚೆನ್ನಾಗಿರುತ್ತೆ. ಅವರ ಗೆಳೆಯರನ್ನು ಒಂದು ಸಲ ಸೋಲಿಸಿ ನೋಡಿ, ಆಮೇಲೆ ನಿಮ್ಮ ಹೆಸರು ಯಾರೂ ತಪ್ಪಾಗಿ ಕರೆಯಲ್ಲ.

ಅಂದ ಹಾಗೆ, ಯುಹಾನ್ನುಸ್ ರಾತ್ರಿ ಏಳು ಬಗೆ ಹೂ ಕಿತ್ತು ದಿಂಬಿನ ಕೆಳಗೆ ಇಟ್ಟುಕೊಂಡರೆ ಮದುವೆಯಾಗುವ ಗಂಡು ಕನಸಿನಲ್ಲಿ ಬರ್ತಾನೆ ಅನ್ನೋದು ಅಲ್ಲಿನ ಹಳೆಯ ನಂಬಿಕೆ. ನಿಮಗೆ ತಮಾಷೆ ಮಾಡೇ ಮಾಡ್ತಾರೆ. ಹೂ ಕಿತ್ತುಕೊಂಡು ಬನ್ನಿ, ಬೇರೆ ಯಾರಾದರೂ ಬರ್ತಾರಾ ನೋಡ್ತೀನಿ ಅಂತ ಹೇಳಿ.

ಉತ್ತರದ ಸೊಸೆ

ಹ್ಹಹ್ಹ, ಇದನ್ನ ಖಂಡಿತ ಹೇಳ್ತೀನಿ. ಮೂರನೇ ಕುರ್ಚಿ ಅವರೇ, ಕಹಿ ಅಲ್ಲ, ನನಗೆ ಬೇಕಿದ್ದದ್ದೇ ಅದು. ಹಳೆಯ ಗೆಳತಿಯ ವಿಷಯ ಮಾತ್ರ ಯಾರೂ ಮುಟ್ಟಲಿಲ್ಲ...

ಮೂರನೇ ಕುರ್ಚಿ

ನಾನು ಮುಟ್ತೀನಿ. ಶಾಲೆಯಿಂದ ಒಂದೇ ಗುಂಪು ಅಂದರೆ ಯಾರೋ ಯಾರನ್ನೋ ಎಂದೋ ಪ್ರೀತಿಸಿರ್ತಾರೆ. ಬಿಟ್ಟ ಮೇಲೂ ಗುಂಪು ಒಡೆಯಲ್ಲ. ನನ್ನ ಗಂಡನ ಗುಂಪಿನಲ್ಲೂ ಹಾಗೇ ಇತ್ತು. ಅಲ್ಲಿ ಎಲ್ಲರಿಗೂ ಅದು ಹಳೇ ಸುದ್ದಿ, ನಮಗೊಬ್ಬರಿಗೇ ಹೊಸದು. ಆದರೆ ನಿಮ್ಮ ಗಂಡ ಇದನ್ನು ಮೊದಲೇ ಹೇಳಿದ್ದಾರಲ್ಲ, ಅದನ್ನು ಗಮನಿಸಿ. ಮುಚ್ಚಿಟ್ಟಿದ್ದರೆ ನಾನು ಬೇರೆ ಮಾತಾಡ್ತಿದ್ದೆ.

ಹೆಲ್ಸಿಂಕಿ ಹಳಬಳು

ಹೌದು. ಗೆಳೆತನ ನಟಿಸಲು ಹೋಗಬೇಡಿ, ದೂರ ಓಡಲೂ ಬೇಡಿ. ಅವಳು ಏನಾದರೂ ಕೆಲಸ ಮಾಡ್ತಿದ್ದರೆ ಕೈ ಜೋಡಿಸಿ, ಅಷ್ಟೆ. ಕೆಲವು ಸಲ ಗುಂಪಿನಲ್ಲಿ ನಿಮಗೋಸ್ಕರ ಇಂಗ್ಲಿಷ್‌ಗೆ ಮಾತು ತಿರುಗಿಸುವವಳು ಅವಳೇ ಆಗಿರ್ತಾಳೆ. ನಾನು ಕಂಡಿದ್ದೇನೆ.

ಮನಿಯಾಂವ

ಮತ್ತ ಆಕಿ ನಿನಗ ಹೆದರ್ಕೊಂಡು ಕೂತಿರ್ತಾಳ ನೋಡು ತಂಗಿ. "ಅವನ ಹೆಂಡ್ತಿ ಬರ್ತಾಳಂತ" ಅಂತ ಅಕಿನೂ ಎಲ್ಲೋ ಯಾರಿಗೋ ಬರದು ಕೇಳಾಕತ್ತಿರಬೇಕು.

ದ್ವೀಪದ ಅಳಿಯ

ನನ್ನ ಹೆಂಡತಿ ಫಿನ್ಲೆಂಡಿನವಳೇ, ಆದರೆ ಸ್ವೀಡಿಷ್ ಮನೆಮಾತಿನವಳು. ಅಲ್ಲಿ ನೂರಕ್ಕೆ ಐದು ಜನ ಅಂಥವರು, ಹೆಚ್ಚಾಗಿ ಕರಾವಳಿಯಲ್ಲಿ ಮತ್ತು ಓಲಂಡ್ ದ್ವೀಪಗಳಲ್ಲಿ. ಆದ್ದರಿಂದ ಫಿನ್ಲೆಂಡಿನ ಜನ ಮಾತೇ ಆಡಲ್ಲ ಅಂತ ನೀವೆಲ್ಲ ಬರೆಯೋದನ್ನು ಓದಿದರೆ ನನಗೆ ನಗು. ಅವಳ ಗೆಳೆಯರು ಮೇಜಿಗೆ ಕೂತರೆ ಏಳೋವರೆಗೂ ಹಾಡು. ಪ್ರತಿ ಗುಟುಕಿಗೂ ಒಂದು ಹಾಡು ಅನ್ನಿ. ಜುಲೈ 21ರ ಮಧ್ಯಾಹ್ನ ಸಿಹಿನೀರಿನ ಸೀಗಡಿ ಹಿಡಿಯುವ ಕಾಲ ಶುರು, ಆಮೇಲಿನ ಔತಣಗಳಲ್ಲಂತೂ ಹಾಡಿನ ಪುಸ್ತಕವನ್ನೇ ಕೈಗೆ ಕೊಡ್ತಾರೆ. ಯುಹಾನ್ನುಸ್‌ಗೆ ಅವರ ಕಡೆ ಎಲೆ ಹೂ ಸುತ್ತಿದ ಎತ್ತರದ ಕಂಬ ನಿಲ್ಲಿಸ್ತಾರೆ. ನಿಮ್ಮದು ಸೈಮಾ, ಪೂರ್ವದ ಕಡೆ, ಅಲ್ಲಿ ಬೆಂಕಿಯೇ ಮುಖ್ಯ. ಪೂರ್ವದವರು ಉಳಿದವರಿಗಿಂತ ಮಾತುಗಾರರು ಅಂತ ಅಲ್ಲಿನವರೇ ಹೇಳ್ತಾರೆ. ಹಾಗಾಗಿ ಮೌನಕ್ಕೆ ತಯಾರಾಗಿ ಹೋಗಿ ಮಾತಿನಲ್ಲಿ ಮುಳುಗಿಬಿಟ್ಟೀರಿ.

ದಡದ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿಗಳು ಇರ್ತವೆ. ಸಂಜೆ ಮೈ ನೋಡಿಕೊಳ್ಳಿ. ಓಲಂಡ್ ಮತ್ತು ಕರಾವಳಿಯ ದ್ವೀಪಗಳಲ್ಲಿ ಅವು ಮಿದುಳಿನ ಉರಿಯೂತದ ಜ್ವರ ಹರಡ್ತವೆ. ಅಲ್ಲಿಗೆಲ್ಲ ಹೋಗುವುದಾದರೆ ಲಸಿಕೆ ಬಗ್ಗೆ ವೈದ್ಯರನ್ನು ಕೇಳಿ.

ಬರ್ಚ್ ಮರ

ಊಟಕ್ಕೆ ತೊಂದರೆ ಇಲ್ಲ. ಹೊಸ ಆಲೂಗಡ್ಡೆಯ ಕಾಲ ಅದು. ಸಿಪ್ಪೆ ಸಮೇತ ಬೇಯಿಸಿ ಬೆಣ್ಣೆ, ಸಬ್ಬಸಿಗೆ ಸೊಪ್ಪು ಹಾಕಿ ಕೊಡ್ತಾರೆ. ಅವರಿಗೆ ಅದರ ಪಕ್ಕ ಮೀನು, ನಿಮಗೆ ಆಲೂಗಡ್ಡೆಯೇ ಹಬ್ಬ. ರೈ ಬ್ರೆಡ್, ಕೆಂಡದ ಮೇಲೆ ಸುಟ್ಟ ಚೀಸ್, ಅಣಬೆ. ಕರೇಲಿಯನ್ ಪೇಸ್ಟ್ರಿ ಅಂತ ರೈ ಹಿಟ್ಟಿನ ಹಾಳೆಯಲ್ಲಿ ಹಾಲನ್ನದಂಥ ಹೂರಣ ಇಟ್ಟು ಬೇಯಿಸಿದ್ದು ಸಿಗುತ್ತೆ. ಅದರ ಮೇಲೆ ಹಚ್ಚುವ ಬೆಣ್ಣೆಯಲ್ಲಿ ಮೊಟ್ಟೆ ಕಲಸಿರ್ತಾರೆ, ತಿನ್ನದಿದ್ದರೆ ಬೇಡ ಅನ್ನಿ. ಬೆಂಕಿಯ ಮೇಲೆ ಸುಡುವ ಮಕ್ಕರ ಅಂದರೆ ಸಾಸೇಜ್. ಸಸ್ಯಾಹಾರದ್ದು ಅಂಗಡಿಯಲ್ಲಿ ಇರುತ್ತೆ, ನೀವೇ ಒಂದು ಪೊಟ್ಟಣ ಕೊಂಡೊಯ್ದರೆ ಕಿರಿಕಿರಿ ಇಲ್ಲ. ಸುಡುವ ಜಾಲರಿ ಒಂದೇ ಆದರೆ ಮೊದಲು ನಿಮ್ಮದನ್ನು ಸುಡಲು ಹೇಳಿ.

ಕುಡಿಯಲ್ಲ ಅಂದರೆ ಕಾರಣ ಕೇಳಲ್ಲ. ಕಾಫಿ ಬೇಡ ಅಂದರೆ ಮಾತ್ರ ಗಾಬರಿಯಾಗ್ತಾರೆ. ತಲೆಗೆ ವರ್ಷಕ್ಕೆ ಸುಮಾರು 10 ಕಿಲೊ ಕಾಫಿ ಪುಡಿ ಖರ್ಚು ಮಾಡುವ ಜನ.

ಒಂದೇ ಎಚ್ಚರಿಕೆ, ಕುಡಿದವರ ಜೊತೆ ದೋಣಿ ಹತ್ತಬೇಡಿ. ಆ ವಾರಾಂತ್ಯದಲ್ಲಿ ನೀರಿಗೆ ಬಿದ್ದವರ ಸುದ್ದಿ ಹೆಚ್ಚುಕಮ್ಮಿ ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತೆ. ಗಂಡ ಕರೆದರೂ ಲೈಫ್ ಜಾಕೆಟ್ ಇಲ್ಲದೆ ಹೋಗಬೇಡಿ. 112 ಅನ್ನುವ ತುರ್ತು ಸೇವೆಯ ಆ್ಯಪ್ ಇದೆ, ಅದರಿಂದ ಕರೆ ಮಾಡಿದರೆ ನೀವು ಕಾಡಿನಲ್ಲಿ ಎಲ್ಲಿದ್ದೀರಿ ಅನ್ನೋದು ಅವರಿಗೆ ಗೊತ್ತಾಗುತ್ತೆ.

ಕಡತ ಪ್ರೇಮಿ

ವೀಸಾ ಬಗ್ಗೆ ಯಾರೂ ಹೇಳಿಲ್ಲ, ಚುಟುಕಾಗಿ ಹೇಳ್ತೀನಿ. ಬೇಕಾಗೋದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಯಾವುದೇ 180 ದಿನದೊಳಗೆ 90 ದಿನ ಮಾತ್ರ ಇರಬಹುದು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮುಂಚೆ ಹಾಕಿರಲೇಬೇಕು. ಬೇಸಿಗೆಯಲ್ಲಿ ನೂಕುನುಗ್ಗಲು, ಏಪ್ರಿಲ್ ದಾಟಿಸಬೇಡಿ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಮದುವೆ ಪ್ರಮಾಣಪತ್ರ, ಗಂಡನ ಪಾಸ್‌ಪೋರ್ಟ್ ಪ್ರತಿ ಜೊತೆಗಿರಲಿ. ಗಂಡನ ಮನೆಗೆ ಹೋಗೋದು ತಾನೇ ಅಂತ ಸಲೀಸಾಗಿ ತಗೋಬೇಡಿ, ಕಡತಕ್ಕೆ ಸಂಬಂಧ ಗೊತ್ತಿರಲ್ಲ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಫೋಟೊ ತೆಗೆದುಕೊಳ್ಳುವ ಹೊಸ ಪದ್ಧತಿ ಶುರುವಾಗಿದೆ. ಇಳಿದ ತಕ್ಷಣ ರೈಲು ಹಿಡಿಯುವ ಹಾಗೆ ಟಿಕೆಟ್ ಮಾಡಬೇಡಿ.

ಉತ್ತರದ ಸೊಸೆ

ಎಲ್ಲರಿಗೂ ಧನ್ಯವಾದ. ಮನೆ ಹಳೇ ಕಾಲದ್ದೇ ಅಂತೆ, ಇವತ್ತು ಬೆಳಿಗ್ಗೆ ಬಾಯಿ ಬಿಟ್ಟರು. ಹೂಸ್ಸಿ ಅಂಗಳದಾಚೆಯೂ ಅಲ್ಲ, ಗುಡ್ಡದ ಮೇಲೆ! ಕಣ್ಣು ಸನ್ನೆಯ ಕರಾರಿಗೆ ಒಪ್ಪಿಸಿದ್ದೇನೆ.

ಊಟ, ಕೋಣೆ ಇದನ್ನೆಲ್ಲ ಗಂಡನ ಮೂಲಕ ಕೇಳಿಸುವ ಬದಲು ಆ ಮನೆಯೊಡತಿಗೆ ನಾನೇ ಒಂದು ಸಂದೇಶ ಕಳಿಸಿದರೆ ತಪ್ಪಾಗುತ್ತಾ? ಅಂದರೆ, ಇನ್ನೂ ಮುಖ ನೋಡಿಲ್ಲದವರಿಗೆ?

ಹೆಲ್ಸಿಂಕಿ ಹಳಬಳು

ತಪ್ಪೇನಿಲ್ಲ, ಇವತ್ತೇ ಕಳಿಸಿ. ಹೇಗಿದ್ದೀರಿ, ಮಳೆ ಹೇಗಿದೆ ಅಂತ ಸುತ್ತಿ ಬಳಸಿ ಬರೆಯಬೇಡಿ, ಬೇಕಾದ್ದನ್ನು ನೇರವಾಗಿ ಕೇಳಿ. ಉತ್ತರ ಎರಡೇ ಸಾಲು ಬಂದರೆ ಸಿಟ್ಟು ಅಂದುಕೊಳ್ಳಬೇಡಿ, ಅದು ಅವರ ಬರವಣಿಗೆ. ಹಾಸಿಗೆ ಬಟ್ಟೆ ನಾವೇ ತರಬೇಕಾ ಅಂತಲೂ ಸೇರಿಸಿ. ಮ್ಯೋಕ್ಕಿಗೆ ಹೋಗುವವರು ಚಾದರ, ದಿಂಬಿನ ಚೀಲ, ಟವೆಲ್ ತಾವೇ ಒಯ್ಯೋದು ವಾಡಿಕೆ, ನಿಮ್ಮ ಗಂಡ ಅದನ್ನೂ ಹೇಳಿರಲ್ಲ.